ಇನ್ನೂರ ಎಂಬತ್ತೇಳು ಸುತ್ತು

ಒಂದು ಗೂಡಿನಲ್ಲಿ ಎಷ್ಟು ಉದ್ದ ನೂಲಿದೆ?
ಹಲಗೆಯ ಮೇಲೆ ಇಷ್ಟೇ ಬರೆದೆ.
ಕೆಳಗೆ ಐದು ಜಾಲತಾಣದ ವಿಳಾಸ,
ಭಾನುವಾರ ರಾತ್ರಿ ಕೂತು ಜಳ್ಳು ತೂರಿ ಉಳಿಸಿಕೊಂಡ ಗಟ್ಟಿಕಾಳು.
ಮಕ್ಕಳು ಜಾಹೀರಾತಿನ ಗುಂಡಿಗೆ ಬೀಳಬಾರದು,
ಪಕ್ಕದ ಕಿಟಕಿ ತೆರೆಯಬಾರದು.
ಕುರಿಹಟ್ಟಿಗೆ ಮುಳ್ಳುಬೇಲಿ ಬಿಗಿದ ಹಾಗೆ
ಬಿಗಿದಿದ್ದೆ ಪಾಠವನ್ನು.

ಶಿಡ್ಲಘಟ್ಟ, ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ಬಿ.
ಹನ್ನೊಂದು ಕಂಪ್ಯೂಟರು, ಕಣ್ಣು ಬಿಡುವುದು ಆರು.
ಒಂದರ ಮೌಸಿಗೆ ಬಾಲವಿದೆ, ಜೀವವಿಲ್ಲ.
ಒಂದೊಂದರ ಮುಂದೆ ಆರಾರು ತಲೆ,
ತಲೆಗೊಂದು ಕೆಲಸ:
ಓದುವವರು, ಬರೆಯುವವರು, ಲೆಕ್ಕದವರು,
ಮತ್ತೆ ಒಬ್ಬ ಅನುಮಾನಿ,
ಕಂಡದ್ದನ್ನೆಲ್ಲ "ನಿಜವಾ?" ಎಂದು ಕೇಳಬೇಕಾದವರು.
ಮೊದಲ ಗುಂಪಿನಲ್ಲಿ ಆ ಪಟ್ಟ ಯಾರಿಗೂ ಬೇಡವಾಗಿ
ಕಡೆಗೆ ಸಿಕ್ಕಿದ್ದು
ಎರಡು ವರ್ಷದಿಂದ 'ಹಾಜರ್' ಬಿಟ್ಟು
ಬೇರೆ ಮಾತಾಡದ ನಗೀನಾ ತಾಜಳಿಗೆ.

ಮೊದಲ ತಾಣ: ಒಂಬೈನೂರು ಮೀಟರ್.
ಎರಡನೆಯದು: ಸಾವಿರದ ಐನೂರು.
ಮೂರನೆಯದು ಅಡಿಯಲ್ಲಿ ಹೇಳಿತು,
ಅದನ್ನು ಮೀಟರಿಗೆ ಇಳಿಸುವಷ್ಟರಲ್ಲಿ
ಚರಣ್ ತೇಜ ಪೆನ್ನಿನ ತುದಿ ಅರ್ಧ ಅಗಿದಿದ್ದ.
ನಾಲ್ಕನೆಯದು ಗಿರಗಿರ ಸುತ್ತಿತು, ತೆರೆಯಲೇ ಇಲ್ಲ.
ಐದನೆಯದರಲ್ಲಿ ನಿನ್ನೆ ರಾತ್ರಿ ಪಾಠವಿತ್ತು,
ಇವತ್ತು ಬರೀ ಸೀರೆ.

"ಮಿಸ್, ಯಾವುದು ಸರಿ?"

ನನ್ನ ಹಾಳೆಯಲ್ಲಿತ್ತು: ಸುಮಾರು ಒಂದು ಕಿಲೋಮೀಟರ್.
ಎದುರಿಗೆ, ಎರಡು ಅಂಕ.
ಬಾಯಿ ತೆರೆದೆ. ಅಷ್ಟರಲ್ಲಿ,
ಯಾರ ದನಿಯಿದು ಎಂದು ಎಲ್ಲರೂ ಹಿಂದಿರುಗಿ ನೋಡುವ ಹಾಗೆ,
"ಯಾವ ಗೂಡು ಮಿಸ್? ಬಿಳೀದಾ, ಹಳದೀದಾ?"

ನಾನು ಮಧುಗಿರಿ ಕಡೆಯವಳು.
ಹುಣಸೆ ಬಲ್ಲೆ, ಶೇಂಗಾ ಬಲ್ಲೆ.
ಗೂಡಿಗೆ ಬಣ್ಣವಿದೆ, ತಳಿಯಿದೆ ಎಂದು
ಐದರಲ್ಲಿ ಒಂದೂ ಹೇಳಿರಲಿಲ್ಲ.
ಅಥವಾ ಹೇಳಿತ್ತು, ನಾನು ಓದಿರಲಿಲ್ಲ.

ಮರುದಿನ ಅವಳ ಊಟದ ಡಬ್ಬಿಯಲ್ಲಿ ಏಳು ಗೂಡು.
ಬಿಸಿಯೂಟದ ಒಲೆಯಿಂದ ಮೌನಿಕಾ ತಂದ ಕುದಿನೀರು.
ಅಂಗಳದಲ್ಲಿ ತಲೆಕೆಳಗಾಗಿ ನಿಂತ ಚರಣನ ಸೈಕಲ್ಲು,
ಹಿಂದಿನ ಚಕ್ರದ ಟೈರು ಕಳಚಿ
ರಿಮ್ಮು ಅಳೆದರು: ಸುತ್ತಿಗೆ ನೂರ ಎಪ್ಪತ್ತು ಸೆಂಟಿಮೀಟರ್.

ಗೂಡು ತೇಲಿತು, ಹೊರಳಿತು,
ಬೆಂದ ಹುಳುವಿನ ವಾಸನೆ ಎದ್ದಿತು.
ಮೂವರು ಮೂಗು ಮುಚ್ಚಿ ಓಡಿದರು.
ನಗೀನಾ ಓಡಲಿಲ್ಲ. ಅವಳ ಮನೆಯ ವಾಸನೆ ಅದು.
ಅವಳ ಬೆಂಚಿನಲ್ಲಿ ಒಂದು ಜಾಗ
ಯಾವಾಗಲೂ ಯಾಕೆ ಖಾಲಿ ಎಂದು
ನನಗೆ ಆಗ ಹೊಳೆಯಿತು,
ಎರಡು ವರ್ಷ ತಡವಾಗಿ.

ಪೊರಕೆಕಡ್ಡಿ ಆಡಿಸಿ, ಎಲ್ಲೋ ನೋಡುತ್ತ,
ಬೆರಳಿನಲ್ಲೇ ಹುಡುಕಿ ಎಳೆಯ ತುದಿ ಹಿಡಿದಳು.
ನನಗೆ ಕಾಣಲಿಲ್ಲ.
ಕನ್ನಡಕ ಒರೆಸಿದೆ, ಆಗಲೂ ಇಲ್ಲ.
"ಐತೆ ಮಿಸ್" ಎಂದಳು.

ಪೆಡಲು ತಿರುಗಿತು.
ಐವತ್ತರವರೆಗೆ ಕನ್ನಡದಲ್ಲಿ ಎಣಿಸಿದರು,
ಆಮೇಲೆ ತೆಲುಗು, ನೂರು ದಾಟಿದ ಮೇಲೆ ಉರ್ದು,
ಆಮೇಲೆ ಯಾವುದೆಂದು ತಿಳಿಯದ,
ಮೂವತ್ತಾರು ಬಾಯಿಯ ಒಂದೇ ಗುಣುಗು.
ನೀರು ಆರಿತು, ಮತ್ತೆ ತಂದರು.
ಹೆಡ್‌ಮಾಸ್ಟರು ಪಿಳ್ಳಪ್ಪನವರು ಬಂದು
"ಇದು ಕಂಪ್ಯೂಟರ್ ಪೀರಿಯಡ್ಡಾ?" ಎಂದರು.
"ಹೌದು ಸಾರ್."
ಗದರಲೆಂದು ನಿಂತವರು
ನೂರ ಎಂಬತ್ತರಿಂದ ತಾವೂ ಎಣಿಸಿದರು.

ಇನ್ನೂರ ಎಂಬತ್ತೇಳಕ್ಕೆ ಹರಿಯಿತು.
ತೆಳು ಪರದೆಯ ಹಿಂದೆ ಹುಳು ಇನ್ನೂ ಬರೀ ನೆರಳು.

ಉತ್ತರದ ಚೌಕ ಸಾಲದೆ ಅಂಚಿಗೂ ಹರಿದ ಅಕ್ಷರ:
'ಹಳದಿ ಗೂಡು. ನಾನೂರ ಎಂಬತ್ತೆಂಟು ಮೀಟರಿಗೆ
ಹತ್ತು ಸೆಂಟಿಮೀಟರ್ ಕಮ್ಮಿ. ಹರಿದಿದೆ, ಮುಗಿದಿಲ್ಲ.
ತೆರೆದ ತಾಣಗಳು ಯಾವ ಗೂಡು ಅಂತ ಹೇಳಿಲ್ಲ.
ಇನ್ನೂ ಆರು ಗೂಡು ಇವೆ.'
ಸಹಿ: ಅನುಮಾನಿ.

ಎರಡಕ್ಕೆ ಎಷ್ಟು ಕೊಡಲಿ?
ಕೆಂಪು ಪೆನ್ನು ಮುಚ್ಚಳದೊಳಗೇ ಇದೆ.

ಸಂಜೆ ಚರಣ್ ಟೈರನ್ನು ಹೆಗಲಿಗೆ ಹಾಕಿಕೊಂಡ,
ಹ್ಯಾಂಡಲ್ ಹಿಡಿದು ಮುಂದೆ ನಡೆದ.
ಸುತ್ತಿದ ನೂಲು ನೆಲಕ್ಕೆ ತಾಗದಂತೆ
ಹಿಂದಿನ ಚಕ್ರವನ್ನು ಒಂದು ಬದಿ ಮೌನಿಕಾ,
ಒಂದು ಬದಿ ನಗೀನಾ
ಎತ್ತಿ ಹಿಡಿದಿದ್ದರು.
ಗೇಟಿನ ಹತ್ತಿರ ಬಿಸಿಲು ಬಿದ್ದಾಗ
ಒಂದು ಕ್ಷಣ
ನನಗೂ ಕಂಡಿತು ಎಳೆ.